ಹಿಡಿದ ಹಡಗಿನ ದೀಪ

ಕ್ರಾನ್‌ಬರ್ನ್‌ನ ಲೆಸ್ಲಿಯ ಮನೆಯಲ್ಲಿ ದೇವರ ಪೀಠದ ಮೇಲೆ ತೂಗುತ್ತಿದ್ದ ಕಂಚಿನ ದೀಪ ಮಾಯವಾಗಿತ್ತು. ಸರಪಳಿ ಮಾತ್ರ ಉಳಿದಿತ್ತು. ಹಿಂದಿನ ಕಿಟಕಿಯ ಗಾಜು ಒಡೆದಿತ್ತು.

2007ರ ಸೆಪ್ಟೆಂಬರ್ ಎಂಟು, ಶನಿವಾರ. ಮೊಂತಿ ಹಬ್ಬ. ಮಂಗಳೂರು ಕಡೆಯ ಕ್ರೈಸ್ತರು ಇಗರ್ಜಿಯಲ್ಲಿ ಭತ್ತದ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತರುವ ದಿನ. ಬೆಳಿಗ್ಗೆ ಪೂಜೆಗೆ ಹೋದವರು ಅಲ್ಲಿಯ ಹಾಲ್‌ನಲ್ಲೇ ಹೊಸ ಅಕ್ಕಿಯ ಊಟ ಮುಗಿಸಿ ಸಂಜೆ ಬಂದಿದ್ದರು. ಲೆಸ್ಲಿ ಎಲ್ಲರನ್ನೂ ಕೋಣೆಯ ಬಾಗಿಲಲ್ಲೇ ತಡೆದು ಪೊಲೀಸರಿಗೆ ಫೋನ್ ಮಾಡಿದ್ದ.

ಡಿಟೆಕ್ಟಿವ್ ವಾಸಂತಿಗೆ ಸೊಂಟ ನೋಯುತ್ತಿತ್ತು. ಬೆಂಗಳೂರಿನವಳು ಎಂಬ ಒಂದೇ ಕಾರಣಕ್ಕೆ ಠಾಣೆಯವರು ಈ ಪರದೇಶದ ಊರಿನ ಕನ್ನಡದವರ ಜಗಳವೆಲ್ಲ ಅವಳ ತಲೆಗೇ ಕಟ್ಟುತ್ತಿದ್ದರು.

“ಯಾರ ಮೇಲಾದ್ರೂ ಡೌಟ್ ಇದ್ಯಾ ಅಂಕಲ್?”

“ಡೌಟ್ ಎಂಥದ್ದು ಮೇಡಂ? ಭಾಸ್ಕರನೇ. ದೀಪ ತನ್ನ ಹಿರಿಯರದ್ದು ಅಂತ ಕನ್ನಡ ಅಸೋಸಿಯೇಷನ್ ಮೀಟಿಂಗಲ್ಲಿ ಎಲ್ಲರೆದುರು ಹೇಳಿದ್ದಾನೆ.”

ನಾನೂರು ವರ್ಷದ ಹಳೇ ರಗಳೆ. ಬಸರೂರಿನ ಸಾಹುಕಾರರ ಹಡಗೊಂದು ಅಕ್ಕಿ, ಮೆಣಸು ತುಂಬಿಕೊಂಡು ಹೊರಟಿತ್ತಂತೆ. ತಮ್ಮ ಪರವಾನಗಿ ಚೀಟಿ ಇಲ್ಲವೆಂದು ಪೋರ್ಚುಗೀಸರು ಅದನ್ನು ಹಿಡಿದು, ಮಾಲನ್ನೆಲ್ಲ ಗೋವೆಯಲ್ಲಿ ಮಾರಿದರಂತೆ. ಹಡಗಿನ ದೀಪ ಒಂದು ಇಗರ್ಜಿಗೆ ಹೋಗಿ, ಅಲ್ಲಿಂದ ಲೆಸ್ಲಿಯ ಮನೆತನಕ್ಕೆ ಬಂತು. ಅದು ಇಗರ್ಜಿ ಕೊಟ್ಟ ಮರ್ಯಾದೆ ಎಂದು ಲೆಸ್ಲಿಯ ಅಜ್ಜಿ ಹೇಳುತ್ತಿದ್ದರು. ಹಡಗೇ ನಮ್ಮದು, ದೀಪ ಹೇಗೆ ನಿಮ್ಮದು ಎಂದು ಭಾಸ್ಕರ. ಸೋಮವಾರ ಸಿಡ್ನಿಯ ಮ್ಯೂಸಿಯಂ ಒಂದರಿಂದ ತಜ್ಞರು ಬಂದು ದೀಪದ ಮಸಿ ತೊಳೆದು ಯಾರದಾದರೂ ಗುರುತು ಇದೆಯೇ ಎಂದು ನೋಡುವವರಿದ್ದರು. ಅಷ್ಟರಲ್ಲಿ ಹೀಗಾಗಿತ್ತು.

*

ಭಾಸ್ಕರ ಪೆಟ್ರೋಲ್ ಬಂಕಿನ ನೈಟ್ ಶಿಫ್ಟ್‌ಗೆ ಹೊರಡುವುದರಲ್ಲಿದ್ದ. ಓದಲು ಬಂದು ಉಳಿದವನು. ಪಿಆರ್‌ಗೆ ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ ಅರ್ಜಿ ಹಾಕಿ ಕಾಯುತ್ತಿದ್ದ.

“ಬೆಳಿಗ್ಗೆಯಿಂದ ಎಲ್ಲಿದ್ರಿ?”

“ಮಲಗಿದ್ದೆ ಮೇಡಂ.”

“ನೋಡಿದವ್ರು ಯಾರಾದ್ರೂ?”

“ಮಲಗಿದವನನ್ನು ಯಾರು ನೋಡ್ತಾರೆ?”

“ದೀಪ ನಿಮ್ಮದು ಅಂದಿದ್ರಂತೆ.”

“ಈಗಲೂ ಅಂತೇನೆ. ನಮ್ಮ ಸಾಮಾನಿಗೆಲ್ಲ ತಕ್ಕಡಿಯ ಗುರುತು ಉಂಟು. ಸೋಮವಾರ ತೊಳೆದ್ರೆ ಗೊತ್ತಾಗ್ತಿತ್ತು. ಎರಡು ದಿನ ಕಾಯುವುದು ಬಿಟ್ಟು ನಾನ್ಯಾಕೆ ಕದಿಯಲಿ?” ಅವನ ದನಿ ಇಳಿಯಿತು. “ಕೇಸ್ ಆದ್ರೆ ನನ್ನ ಪಿಆರ್ ಹೋಯ್ತು ಮೇಡಂ. ಊರಿಗೆ ಕಳಿಸ್ತಾರೆ. ಆಗ ಹಡಗಿಗೆ ಚೀಟಿ ಇರ್ಲಿಲ್ಲ. ಈಗ ನನಗಿಲ್ಲ.”

ವಾಸಂತಿಗೆ ಅಯ್ಯೋ ಅನಿಸಿತು. ಆ ಕಾಯುವಿಕೆ ಅವಳಿಗೂ ಗೊತ್ತಿತ್ತು. ಆದರೆ ಅಯ್ಯೋ ಅನಿಸಿದ್ದು ಸಾಕ್ಷಿಯಾಗುವುದಿಲ್ಲ. ಸಾಕ್ಷಿ ಹುಡುಕಲು ಮತ್ತೆ ಲೆಸ್ಲಿಯ ಮನೆಗೇ ಹೋಗಬೇಕಿತ್ತು.

*

ಕೋಣೆಯಲ್ಲಿ ಬೆರಳಚ್ಚು ತಜ್ಞರು ಕೆಲಸ ಮುಗಿಸಿದ್ದರು. ವಾಸಂತಿ ಪೀಠದ ಮುಂದೆ ಸುಮ್ಮನೆ ನಿಂತಳು. ಮರಿಯಮ್ಮನವರ ಪಟದ ಹಿಂದೆ ಒಂದು ಭತ್ತದ ತೆನೆ ಸಿಕ್ಕಿಸಿತ್ತು. ತೆನೆಗೆ ನೀಲಿ ರಿಬ್ಬನ್.

ಅವಳು ಲೆಸ್ಲಿಯ ಹೆಂಡತಿ ಅಸುಂತಾಳನ್ನು ಕರೆದಳು.

“ಆಂಟಿ, ಇದು ಹೋದ ವರ್ಷದ್ದಾ?”

“ಅಲ್ಲಮ್ಮ, ಇವತ್ತಿನದ್ದು. ನೀಲಿ ರಿಬ್ಬನ್ ನಾವು ಹೆಂಗಸರೇ ಕಟ್ಟಿದ್ದು. ಪೂಜೆ ಮುಗಿದ ಮೇಲೆ ಮನೆಗೊಂದು ಅಂತ ಪಾದ್ರಿಗಳು ಕೊಟ್ರು.”

“ಇಲ್ಲಿಟ್ಟವ್ರು ಯಾರು?”

ಅಸುಂತಾ ಬಾಗಿಲಲ್ಲೇ ನಿಂತು ತೆನೆಯನ್ನು ನೋಡಿದಳು. “ನಾವು ಒಳಗೆ ಕಾಲೇ ಇಟ್ಟಿಲ್ಲ. ಫಿಂಗರ್‌ಪ್ರಿಂಟ್ ಹಾಳಾಗ್ತದೆ ಅಂತ ಇವರು ಬಿಡಲಿಲ್ಲ.”

“ನಿಮ್ಮನೆ ತೆನೆ ಯಾರ ಕೈಲಿತ್ತು?”

ಅಸುಂತಾ ಗಂಡನ ಕಡೆ ನೋಡಿದಳು.

ವಾಸಂತಿ ಲೆಸ್ಲಿಯ ತಮ್ಮ ಡ್ಯಾರಿಲ್‌ಗೆ ಫೋನ್ ಮಾಡಿದಳು. ಊಟದ ಉಸ್ತುವಾರಿ ಅವನದೇ. ಊಟಕ್ಕೆ ಮುಂಚೆ ಯಾರಾದರೂ ಹಾಲ್‌ನಿಂದ ಹೊರಗೆ ಹೋಗಿದ್ದರಾ?

“ಲೆಸ್ಲಿ ಐಸ್ ತರ್ಲಿಕ್ಕೆ ಹೋಗಿದ್ದ. ಬರಿಗೈಯಲ್ಲಿ ಬಂದ. ಕೋಕ್ ಎಲ್ಲ ಬಿಸಿಬಿಸಿ ಕುಡಿದೆವು ಮಾರಾಯ್ರೇ.”

*

“ಅಂಕಲ್, ಕಾರ್ ಕೀ ಕೊಡಿ,” ಎಂದಳು ವಾಸಂತಿ.

ಕಾರಿನ ಡಿಕ್ಕಿಯಲ್ಲಿ ಐಸ್ ಪೆಟ್ಟಿಗೆಯಿತ್ತು. ಅದರೊಳಗೆ, ಟವೆಲ್ ಸುತ್ತಿಕೊಂಡು, ದೀಪ.

ಲೆಸ್ಲಿ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

“ಐಸ್ ನೆಪದಲ್ಲಿ ಬಂದ್ರಿ. ದೀಪ ಬಿಚ್ಚಿದ್ರಿ, ಗಾಜು ಒಡೆದ್ರಿ,” ಎಂದಳು ವಾಸಂತಿ. “ತೆನೆ ಜೇಬಿನಲ್ಲೇ ಇಟ್ಕೊಂಡಿದ್ರೆ ನನಗೆ ಏನೂ ಗೊತ್ತಾಗ್ತಿರ್ಲಿಲ್ಲ.”

“ತೆನೆ ಮನೆಗೆ ಬರದೆ ಹೊಸ ಅಕ್ಕಿ ಬಾಯಿಗೆ ಇಡ್ಲಿಕ್ಕಿಲ್ಲ ಮೇಡಂ. ಅಜ್ಜಿ ಕಲಿಸಿದ್ದು. ಕೈ ತಾನೇ ಇಟ್ಟುಬಿಟ್ಟಿತು.”

“ದೀಪ ಯಾಕೆ ಅಡಗಿಸಿದ್ರಿ?”

“ಹೋದ ವಾರ ಒರೆಸುವಾಗ ಅಡಿಯಲ್ಲಿ ಏನೋ ಗುರುತು ಕೈಗೆ ಸಿಕ್ಕಿತು. ಉಜ್ಜಿ ನೋಡ್ಲಿಕ್ಕೆ ಧೈರ್ಯ ಬರ್ಲಿಲ್ಲ. ಅವನದ್ದೇ ಆಗಿದ್ರೆ ಅಜ್ಜಿಯ ಮಾತೆಲ್ಲ ಸುಳ್ಳು. ಕಳುವಾದ್ರೆ ಯಾರೂ ಏನೂ ಹೇಳುವ ಹಾಗಿಲ್ಲ.”

“ಆ ಹುಡುಗನ ಹೆಸರು ಹೇಳಿದ್ರಲ್ಲ?”

ದೇವರಿಗೆ ಹೆದರುವವರು ನೆರೆಯವನಿಗೆ ಯಾಕೆ ಹೆದರುವುದಿಲ್ಲವೋ, ಇಷ್ಟು ವರ್ಷದ ನೌಕರಿಯಲ್ಲಿ ವಾಸಂತಿಗೆ ತಿಳಿದಿರಲಿಲ್ಲ.

ಭಾಸ್ಕರನನ್ನು ಕರೆಸಿದಳು. ಅವನ ಎದುರಿಗೇ ದೀಪ ಬೋರಲು ಹಾಕಿ, ಒದ್ದೆ ಟವೆಲಿನಿಂದ ಅಡಿಯನ್ನು ಉಜ್ಜಿದಳು. ಮಸಿ ಬಿಟ್ಟಿತು. ಮಸಿಯಡಿ ಒಂದು ಮೀನು ಕಂಡಿತು.

ಭಾಸ್ಕರ ಬಗ್ಗಿ ಮೀನಿನ ಮೇಲೆ ಬೆರಳಾಡಿಸಿದ.

“ಇದು ನಮ್ಮದಲ್ಲ,” ಎಂದ. “ನಮ್ಮದು ತಕ್ಕಡಿ. ಇದು ಬೇರೆ ಯಾರದೋ ಹಡಗು.”

‘ಹೌದು, ನಮ್ಮದೇ’ ಎಂದು ಭಾಸ್ಕರ ಹೇಳಿದ್ದರೆ ಆಗ ಆ ಮನೆಯಲ್ಲಿ ಇಲ್ಲವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಲೆಸ್ಲಿ ದೀಪಕ್ಕೆ ಕೈ ಚಾಚಿದ. ಅಸುಂತಾ ಅದನ್ನು ಎತ್ತಿ ವಾಸಂತಿಯ ಕೈಗೆ ಕೊಟ್ಟಳು.

“ನೀವು ಮೊದಲು ಸ್ಟೇಷನ್ನಿಗೆ ಹೋಗಿ ಈ ಹುಡುಗನ ಹೆಸರು ತೆಗೆಸಿ ಬನ್ನಿ,” ಎಂದಳು ಗಂಡನಿಗೆ. “ಅಲ್ಲಿಯವರೆಗೆ ಈ ಮನೆಯಲ್ಲಿ ನಿಮಗೆ ಊಟ ಇಲ್ಲ.”

ಲೆಸ್ಲಿ ಎದ್ದ. ಯಾರೂ ಹೇಳದೆಯೇ ಹೋಗಿ ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ.