ಏಳು ತಿಂಗಳ ಹಿಂದಿನ ರಾಜೀನಾಮೆ

ಅವಳು ಬರೆದ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ, ತಪ್ಪಿದ್ದಲ್ಲಿ ಪಕ್ಕದಲ್ಲೇ ಟಿಪ್ಪಣಿ ಬರೆದು, ಎಲ್ಲ ಸರಿಹೋದ ಮೇಲೆ ಸೈ ಎನ್ನುವುದು ಅವನ ಕೆಲಸ. ಆಫೀಸಿನಲ್ಲಿ ಅವನಿಗೆ ಭೂತಗನ್ನಡಿ ಎಂದೇ ಹೆಸರು ಬಿದ್ದಿತ್ತು.

ಅಂದು ಬೆಳಿಗ್ಗೆ ಅವಳು ಪ್ರೋಗ್ರಾಮಿನ ಜೊತೆ, ಅದೇ ಫೋಲ್ಡರಿನಲ್ಲಿದ್ದ ಇನ್ನೊಂದು ಫೈಲನ್ನೂ ಕೈತಪ್ಪಿ ಅವನಿಗೆ ಕಳಿಸಿಬಿಟ್ಟಳು. ಅದು ಅವಳ ರಾಜೀನಾಮೆ ಪತ್ರ.

ಗೊತ್ತಾದ ಕೂಡಲೇ ವಾಪಸ್ ತೆಗೆಯಲು ಹೋದಳು. ಅಷ್ಟರಲ್ಲಿ ಟಿಪ್ಪಣಿಗಳು ಬಂದೇಬಿಟ್ಟಿದ್ದವು. ಮೇಲುಗಡೆ, ಇದು ನನಗೆ ಬರಬಾರದಿತ್ತು, ಓದಿಬಿಟ್ಟೆ, ಕ್ಷಮಿಸಿ ಎಂದಿತ್ತು. ‘ವೈಯಕ್ತಿಕ ಕಾರಣಗಳಿಂದ’ ಎಂಬ ಸಾಲಿನ ಪಕ್ಕ, ಕಾರಣ ಸ್ಪಷ್ಟವಿಲ್ಲ. ತಾರೀಖಿನ ಪಕ್ಕ, ಏಳು ತಿಂಗಳು ಹಳೆಯದು, ಯಾಕೆ?

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಕಣ್ಣು ತುಂಬಿತು.

ಮಧ್ಯಾಹ್ನ ಅವನು ಕಾಫಿ ಮಷೀನಿನ ಬಳಿ ಕಾಯುತ್ತಿದ್ದ. ಒಂದು ಕಪ್ಪನ್ನು ಅವಳತ್ತ ಸರಿಸಿದ. ನೋಟ ಮಾತ್ರ ಮಷೀನಿನ ಬಟನ್‌ಗಳ ಮೇಲೆ. ಅವಳು ಎಲ್ಲ ಹೇಳಿಕೊಂಡಳು. ಎರಡು ವರ್ಷದಿಂದ ಅದೇ ಹಳೇ ಹಾಜರಿ ಪ್ರೋಗ್ರಾಮಿಗೆ ತೇಪೆ ಹಾಕುತ್ತಿದ್ದಾಳೆ, ಹೊಸದೇನೂ ಕಲಿತಿಲ್ಲ. ಕಿವಿ ಕೇಳದವರಿಗಾಗಿ ಮಾತನ್ನು ಅಕ್ಷರ ಮಾಡಿ ತೋರಿಸುವ ಪ್ರೋಗ್ರಾಮು ಕಟ್ಟುವ ಸಣ್ಣ ಕಂಪನಿಯೊಂದು ಏಳು ತಿಂಗಳ ಹಿಂದೆ ಕರೆದಿತ್ತು, ಆಗಲೇ ಈ ಪತ್ರ ಬರೆದಿದ್ದಳು; ಈಗ ಎರಡನೇ ಸಲ ಕರೆದಿದೆ. ಸಂಜೆಯೊಳಗೆ ಉತ್ತರ ಕೊಡಬೇಕು. ಮೂರನೇ ಸಲ ಕರೆಯುವುದಿಲ್ಲ. ಇರ್ತೀಯೋ ಬಿಡ್ತೀಯೋ ಒಂದು ಹೇಳೇ ತಾಯಿ ಎಂದು ಅಕ್ಕ ಬೇರೆ ದಿನಾ ಫೋನಿನಲ್ಲಿ ಪ್ರಾಣ ತಿನ್ನುತ್ತಾಳೆ.

“ಮತ್ತೆ ಪತ್ರ ಯಾಕೆ ಕೊಡ್ಲಿಲ್ಲ?”

ಅವಳು ಕಪ್ಪಿನ ನೊರೆಯನ್ನೇ ನೋಡಿದಳು. “ನಾನು ಬರೆದಿದ್ದನ್ನ ಇಷ್ಟು ಮನಸ್ಸಿಟ್ಟು ಓದೋರು ಅಲ್ಲಿ ಇರ್ತಾರಾ ಅಂತ.”

ಅವನ ಕಿವಿ ಕೆಂಪಾಯಿತು.

“ನಿಮ್ಮ ಪ್ರೋಗ್ರಾಮು ಬಂದ ದಿನ ನಾನು ಬೇಕಂತಲೇ ನಿಧಾನವಾಗಿ ಓದ್ತೀನಿ. ತಪ್ಪು ಹುಡುಕೋಕಲ್ಲ. ಬೇಗ ಮುಗಿದುಹೋಗುತ್ತಲ್ಲ ಅಂತ. ಆದ್ರೆ ಕೆಲಸದಲ್ಲಿ ಇರೋಕೆ ಕೆಲಸಾನೇ ಕಾರಣ ಆಗ್ಬೇಕು ಕಣ್ರೀ. ನನಗೋಸ್ಕರ ಇದ್ರೆ, ಒಂದಲ್ಲ ಒಂದು ದಿನ ನನ್ನ ಮೇಲೇ ಬೇಜಾರು ಬರುತ್ತೆ ನಿಮಗೆ.”

“ಹಾಗಾದ್ರೆ ಬಿಟ್ಟು ಹೋಗು ಅಂತೀರಾ?”

“ಕೊನೇ ದಿನ ಲ್ಯಾಪ್‌ಟಾಪ್ ವಾಪಸ್ ಕೊಡ್ಬೇಕು, ಐಡಿ ಕಾರ್ಡ್ ವಾಪಸ್ ಕೊಡ್ಬೇಕು. ನನ್ನನ್ನ ವಾಪಸ್ ಕೊಡ್ಬೇಕು ಅಂತ ಎಲ್ಲೂ ಬರೆದಿಲ್ಲ.”

ಆಗ ಅವಳು ಅವನ ಮುಖ ನೋಡಿದಳು, ಕದ್ದಲ್ಲ, ನೆಟ್ಟಗೆ. ಎಡಹುಬ್ಬಿನ ಮೇಲೊಂದು ಸಣ್ಣ ಕಲೆ ಇತ್ತು. ಎರಡು ವರ್ಷ ಪಕ್ಕದ ಸಾಲಿನಲ್ಲೇ ಕೂತರೂ ಅದು ಕಂಡಿರಲಿಲ್ಲ.

ಸೀಟಿಗೆ ಮರಳಿ ಅವಳು ತಾರೀಖು ಬದಲಿಸಿದಳು. ವೈಯಕ್ತಿಕ ಕಾರಣ ಅಳಿಸಿ, ಹೊಸದನ್ನು ಕಲಿಯುವ ಆಸೆಯಿಂದ ಎಂದು ಬರೆದಳು. ಮ್ಯಾನೇಜರಿಗೆ ಕಳಿಸಿದಳು, ಸಣ್ಣ ಕಂಪನಿಗೆ ಬರುತ್ತೇನೆಂದು ತಿಳಿಸಿದಳು. ಮನಸ್ಸು ಹಗುರವಾಗಿತ್ತು.

ಸಂಜೆ ಇಬ್ಬರೂ ಒಟ್ಟಿಗೆ ಹೊರಟರು. ಲಿಫ್ಟು ಬಾಗಿಲು ತೆರೆದು ನಿಂತಿತ್ತು. ಅದು ಕಣ್ಣು ಮಿಟುಕಿಸುವುದರಲ್ಲಿ ಕೆಳಗಿಳಿಸಿಬಿಡುತ್ತದೆ ಎಂದು ಇಬ್ಬರಿಗೂ ಹೊಳೆದಿರಬೇಕು. ಒಮ್ಮೆಗೇ ಮೆಟ್ಟಿಲ ಕಡೆ ತಿರುಗಿದರು. ಇಳಿಯಲು ಒಂಬತ್ತು ಮಹಡಿಗಳಿದ್ದವು.