ಕಾರಿನಲ್ಲಿ ಬಂದ ಕೆಂಚ

“ಮೇಯ್ಸಿದೋನು ನಾನು, ಟಗರು ನಂದೇ” ಎಂದು ರಂಗಪ್ಪ ನಾಲ್ಕು ಜನರೆದುರು ಹೇಳಿದ ದಿನವೇ ಪ್ರಭುಲಿಂಗ ಮನಸ್ಸು ಗಟ್ಟಿ ಮಾಡಿಕೊಂಡ. ಹೆಂಡತಿ ಯಶೋದಾ ತೀರಿಕೊಂಡ ವರ್ಷ, ಹಿರಿಯೂರಿನ ತನ್ನ ಕಾರ್ ಸ್ಟೀರಿಯೊ ಅಂಗಡಿಯ ಹಿಂದಿನ ಕೋಣೆಯಲ್ಲಿ, ತಾಯಿಯಿಲ್ಲದ ಆ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿದವನು ಅವನು. ಕೆಂಚ ಎಂದು ಹೆಸರಿಟ್ಟು, ಮಾತೆಲ್ಲ ಅದರ ಜೊತೆಗೇ ಆಡುತ್ತಿದ್ದ. ಮನೆ ಮಾಲೀಕ ಗೊಣಗಿದಾಗ, ನೋಡಿಕೋ ಎಂದು ಮಾರಿಕಣಿವೆಯ ಗೆಳೆಯ ರಂಗಪ್ಪನ ಕೈಗೆ ಕೊಟ್ಟದ್ದೇ ತಪ್ಪಾಯಿತು. ಜಾತ್ರೆಯಲ್ಲಿ ಟಗರಿಗೆ ಬಹುಮಾನ ಬಂತು. ಫೋಟೊಗೂ ಪ್ರಭುಲಿಂಗನನ್ನು ಯಾರೂ ಕರೆಯಲಿಲ್ಲ.

ಕಾರಿಗೆ ಹೊಸ ಸ್ಟೀರಿಯೊ ಬೇಕೆಂದು ರಂಗಪ್ಪ ತಾನಾಗಿಯೇ ಬಂದ.

“ಲೇ ಪ್ರಭು, ಸ್ಟೀರಿಂಗ್ ಮ್ಯಾಲಿನ ಗುಂಡಿಗಳು ಮಾತ್ರ ಮೊದ್ಲಿನಂಗೇ ಕೆಲ್ಸ ಮಾಡ್ಬೇಕು ನೋಡು.”

“ಮಾಡ್ತವೆ ಬಿಡಣ್ಣ. ಆದ್ರೆ ಒಂದೊಂದು ವೈರೂ ಹುಡುಕ್ಬೇಕು, ಪೂರ್ತಿ ಒಂದಿನ ಹಿಡಿತೈತೆ. ನೀನೂ ಅತ್ತಿಗೆನೂ ಹೊಳಲ್ಕೆರೆ ನಿಶ್ಚಿತಾರ್ಥಕ್ಕೆ ಬಸ್ನಾಗೇ ಹೋಗ್ಬರ್ರಿ.”

ಅದು ಎರಡು ತಾಸಿನ ಕೆಲಸ. ಹಳೆಯದನ್ನು ಬಿಚ್ಚಿ, ಗುಂಡಿಗಳ ವೈರುಗಳನ್ನು ಪುಟ್ಟ ಡಬ್ಬಿಯೊಂದರ ಮೂಲಕ ಹೊಸದಕ್ಕೆ ಸೇರಿಸಿ, ವಾಡಿಕೆಯಂತೆ ತನ್ನ ಫೋನನ್ನೇ ಬ್ಲೂಟೂತಿನಲ್ಲಿ ಜೋಡಿಸಿ ಒಂದೊಂದನ್ನೂ ಒತ್ತಿ ನೋಡಿದ. ದನಿ ಏರಿತು, ಇಳಿಯಿತು. ಫೋನ್ ಗುಂಡಿ ಒತ್ತಿದರೆ, ಜೋಡಿಸಿದ ಫೋನಿನಿಂದ ಕೊನೆಯದಾಗಿ ಕರೆ ಹೋದ ನಂಬರಿಗೇ ಮತ್ತೆ ಕರೆ ಹೋಗಬೇಕು. ಹೋಯಿತು, ಗ್ಯಾಸ್ ಸಿಲಿಂಡರ್ ಅಂಗಡಿಗೆ. ಅವನಿಗೆ ಕರೆ ಮಾಡಲು ಬೇರೆ ಯಾರಿದ್ದರು?

ಹನ್ನೊಂದಕ್ಕೆ ಅದೇ ಕಾರಿನಲ್ಲಿ ಮಾರಿಕಣಿವೆಗೆ ಹೊರಟ. ಉಪಾಯದ ಜೀವಾಳವೇ ಇದು. ಯಜಮಾನನ ಕಾರು ಕಂಡು ದೊಡ್ಡಿಯ ನಾಯಿ ಬೊಗಳುವುದಿಲ್ಲ. ದಾರಿಯಲ್ಲಿ ಕಂಡವರು ರಂಗಪ್ಪನೇ ಎಂದುಕೊಳ್ಳುತ್ತಾರೆ. ದಿನಾ ಓಡಾಡುವ ಕಾರಿನ ಸುದ್ದಿಯನ್ನು ಯಾರು ಹೇಳುತ್ತಾರೆ? ಹಿಂಬದಿಯಲ್ಲಿ ಟಗರಿನ ವಾಸನೆ ಮೊದಲೇ ಇತ್ತು. ತನ್ನ ಮೇಲೆ ಅನುಮಾನ ಬಂದರೂ, ಸೈಕಲ್ಲೂ ಇಲ್ಲದವನು ಅಷ್ಟು ದೊಡ್ಡ ಟಗರನ್ನು ಹೇಗೆ ಸಾಗಿಸಿಯಾನು? ಎಲ್ಲ ಅಂದುಕೊಂಡಂತೆಯೇ ಆಯಿತು. ಕೆಂಚ ಅಂಗೈ ಮೂಸಿ, ಹೊಟ್ಟೆಗೆ ಹಣೆ ಒತ್ತಿ ನಿಂತಾಗ ಮಾತ್ರ ಅಳು ತಡೆಯಲಾಗಲಿಲ್ಲ. ಐಮಂಗಲದಲ್ಲಿ ತನ್ನಕ್ಕ ಚಂದ್ರಕ್ಕನ ಹಿತ್ತಿಲಿನಲ್ಲಿ ಅದನ್ನು ಕಟ್ಟಿ, ಐದು ಗಂಟೆಗೆ ಏದುಸಿರು ಬಿಡುತ್ತಾ ಕಾರು ಒಪ್ಪಿಸಿದ.

ಆಮೇಲೆ ಎರಡು ದಿನ ಚಂದ್ರಕ್ಕನಿಗೆ ಕರೆಯೋ ಕರೆ. ಹುಲ್ಲು ತಿಂದನೇ, ನೀರು ಕುಡಿದನೇ? ಬಹಳ ವರ್ಷಗಳ ಮೇಲೆ ಅವನ ಫೋನಿಗೂ ಒಂದು ಕೆಲಸ ಸಿಕ್ಕಿತ್ತು.

ಮೂರನೆಯ ದಿನ ಬೆಳಿಗ್ಗೆ ರಂಗಪ್ಪ, ಊರೆಲ್ಲ ಹುಡುಕಿ ಸೋತು, ಅತ್ತು ಕೆಂಪಾದ ಕಣ್ಣಿನಲ್ಲಿ ಬಂದ. “ಕೆಂಚನ್ನ ಯಾರೋ ಹೊಡ್ಕಂಡು ಹೋಗವ್ರೆ ಕಣೋ. ಸ್ಟೇಷನ್ನಿಗೆ ಹೋಗಾಣ ಬಾ. ನನ್ ಸಂಕಟ ನಿನಗೆ ಗೊತ್ತಾಗ್ತೈತೆ.” ಪ್ರಭುಲಿಂಗ ಮುಖ ಬಾಡಿಸಿಕೊಂಡು ಪಕ್ಕದ ಸೀಟಿನಲ್ಲಿ ಕುಳಿತ.

ಕಾರು ಚಾಲೂ ಮಾಡಿ ರಂಗಪ್ಪ, ಆಗಷ್ಟೇ ಕರೆ ಮಾಡಿದ್ದ ಹೆಂಡತಿಗೆ ಇನ್ನೊಂದು ಮಾತು ಹೇಳೋಣವೆಂದು ಸ್ಟೀರಿಂಗಿನ ಫೋನ್ ಗುಂಡಿ ಒತ್ತಿದ. ಗುಂಡಿ ಚೆನ್ನಾಗಿಯೇ ಕೆಲಸ ಮಾಡಿತು. ಅವತ್ತಿನ ಅವಸರದಲ್ಲಿ ಪ್ರಭುಲಿಂಗ ಸ್ಟೀರಿಯೊದಿಂದ ತನ್ನ ಫೋನನ್ನು ಅಳಿಸಲು ಮರೆತಿದ್ದ. ಅದು ತಾನು ಮೊದಲು ಕಂಡ ಆ ಫೋನನ್ನೇ, ಅವನ ಜೇಬಿನಲ್ಲಿದ್ದುದನ್ನೇ, ಹಿಡಿದುಕೊಂಡಿತ್ತು. ನಾಲ್ಕೂ ಸ್ಪೀಕರುಗಳಿಂದ ಚಂದ್ರಕ್ಕನ ದನಿ ಬಂತು: “ಎಷ್ಟು ಸರ್ತಿ ಫೋನ್ ಮಾಡ್ತೀಯೋ ಪ್ರಭು? ನಿನ್ ಕೆಂಚ ಆರಾಮಾಗವ್ನೆ. ನೀನು ಉಂಡ್ಯಾ?”