ಕೊನೆಯ ಸ್ಥಾನದ ಗೋಳಿಬಜೆ

"ಹುಡುಗನಿಗೆ ತಲೆಯಲ್ಲಿ ಕೂದಲು ಸ್ವಲ್ಪ ಕಡಿಮೆ. ಆದರೆ ದಹಿಸರ್‌ನಲ್ಲಿ ಸ್ವಂತ ರೂಮು ಉಂಟು. ಸುಮ್ಮನೆ ಹೂಂ ಅನ್ನು ಮಗಳೇ!"

ಗೋಡೆಯಷ್ಟಗಲದ ಪರದೆಯ ಮೇಲೆ ಈ ಸಾಲು ಮೂಡಿದಾಗ, ತರಬೇತಿಗೆ ಬಂದಿದ್ದ ಮಹಾರಾಷ್ಟ್ರದ ಕನ್ನಡ ಶಾಲೆಗಳ ಶಿಕ್ಷಕರೆಲ್ಲ ಮೊದಲು ಓದಿದರು. ಆಮೇಲೆ ನಕ್ಕರು.

ಹರಿಣಿ ನಗಲಿಲ್ಲ. ಪರದೆಗೆ ಜೋಡಿಸಿದ್ದ ಫೋನು ಅವಳದ್ದು. ಸಂದೇಶ ಕಳಿಸಿದ್ದು ಅವಳ ಅಮ್ಮ ಶೀಲಾವತಿ. ಮೂವತ್ತು ದಾಟಿದರೂ ಮಗಳು ಮದುವೆಗೆ ಒಪ್ಪುತ್ತಿಲ್ಲ ಎಂಬ ಸಂಗತಿ ಅದುವರೆಗೆ ಮಲಾಡ್‌ನ ಅವರ ಬಿಲ್ಡಿಂಗಿಗೆ ಮಾತ್ರ ಗೊತ್ತಿತ್ತು.

'ಭೂಮಿ ಬಾಯಿ ಬಿಡಬಾರದಾ...' ಅಂದುಕೊಂಡಳು.

ಭೂಮಿ ಬಾಯಿ ಬಿಡಲಿಲ್ಲ. ತರಬೇತಿ ಕೊಡಲು ಬಂದಿದ್ದ ಸೃಜನ್ ಎಂಬ ಯುವಕ ಎದ್ದು ಹೋಗಿ ಪರದೆಯ ವೈರು ಕಿತ್ತ. ಕಥೆ ಹೇಳುವವರು ಇಲ್ಲಿ ಇಬ್ಬರ ಕಣ್ಣು ಕಲೆತವು ಅನ್ನಬೇಕು. ಕಲೆಯಲಿಲ್ಲ. ಅವಳು ನೆಲ ನೋಡುತ್ತಿದ್ದಳು, ಅವನು ವೈರು ಸುತ್ತುತ್ತಿದ್ದ.

"ಪರದೆಗೆ ಹಾಕೋ ಮೊದಲು ನೋಟಿಫಿಕೇಶನ್ ಆಫ್ ಮಾಡ್ಬೇಕು ಟೀಚರ್," ಎಂದ ಮೆಲ್ಲಗೆ.

ಮೈಕು ಆನ್ ಇತ್ತು. ಮತ್ತೊಮ್ಮೆ ನಗು!

ಚಹಾದ ಹೊತ್ತಿಗೆ ಅವನು ಒಂದು ತಟ್ಟೆ ಹಿಡಿದು ಅವಳ ಬಳಿ ಬಂದ. "ಗೋಳಿಬಜೆ ತಿನ್ನಿ ಟೀಚರ್. ಗರಮ್ ಇದೆ. ಟೆನ್ಷನ್ ತಗೋಬೇಡಿ."

"ನನಗೆ ಬೇಡ."

'ನಗಿಸಿದ್ದು ಸಾಕಾಗಲಿಲ್ಲ, ಈಗ ತಿನ್ನಿಸಲಿಕ್ಕೆ ಬಂದಿದ್ದಾನೆ!' ಎಂದು ಹಲ್ಲು ಕಡಿದಳು. ಅನ್ಯಾಯದ ಮಾತೇ. ಆದರೆ ಅವಮಾನವಾದವರ ಹತ್ತಿರ ನ್ಯಾಯ ಕೇಳಬಾರದು.

* * *

ಹರಿಣಿ ಪಾಠ ಮಾಡುತ್ತಿದ್ದುದು ಮಲಾಡ್‌ನ ಒಂದು ಕನ್ನಡ ಶಾಲೆಯಲ್ಲಿ, ನಾಲ್ಕನೆಯ ತರಗತಿಗೆ. ಆ ವರ್ಷ ತರಗತಿಗೆ ದೊಡ್ಡ ಪರದೆ ಬಂತು, ಮಕ್ಕಳ ಕೈಗೆ ಟ್ಯಾಬ್ ಬಂತು, ಹರಿಣಿಯ ಪಾಲಿಗೆ ಫಜೀತಿ ಬಂತು. ಅವಳು ಒಂದು ಬಟನ್ ಹುಡುಕುವಷ್ಟರಲ್ಲಿ ಮಕ್ಕಳು ಮೂರು ಒತ್ತಿರುತ್ತಿದ್ದರು.

"ಟೀಚರ್, ಅಲ್ಲಲ್ಲ, ಕೆಳಗೆ!"

"ನನಗೆ ಗೊತ್ತುಂಟು!" ಅನ್ನುತ್ತಿದ್ದಳು. ಗೊತ್ತಿರುತ್ತಿರಲಿಲ್ಲ.

ತೊಂದರೆಯಾದರೆ ಫೋನು ಮಾಡಲು ಪರದೆಯ ಕಂಪನಿ ಒಂದು ನಂಬರು ಕೊಟ್ಟಿತ್ತು. ಎತ್ತುತ್ತಿದ್ದವನು ಅದೇ ಸೃಜನ್.

"ಪರದೆ ಪೂರ್ತಿ ಕಪ್ಪಾಗಿದೆ."

"ಸ್ವಿಚ್ ಹಾಕಿದೀರಾ ಟೀಚರ್?"

ಈ ಕಡೆ ಸ್ವಿಚ್ಚಿನ ಟಕ್ ಸದ್ದು. ಆಮೇಲೆ ಒಂದು ಸಣ್ಣ ದನಿ. "...ಬಂತು."

ಅವನು ನಗಲಿಲ್ಲ! ಒಂದು ದಿನವೂ ನಗಲಿಲ್ಲ. ದಹಿಸರ್‌ನಲ್ಲೇ ಹುಟ್ಟಿ ಬೆಳೆದವನ ಕನ್ನಡ ಅಲ್ಲಲ್ಲಿ ಎಡವುತ್ತಿತ್ತು. ಆದರೆ ಅವಳು ಎಡವಿದಾಗ ಅವನು ಕಾಯುತ್ತಿದ್ದ. ಕ್ರಮೇಣ ಅವಳು ಕೆಟ್ಟದ್ದಕ್ಕೂ ಫೋನು ಮಾಡಿದಳು, ಕೆಡದೇ ಇದ್ದದ್ದಕ್ಕೂ ಮಾಡಿದಳು. ಶುಕ್ರವಾರದ ಕ್ವಿಜ್‌ಗೆ ಎಲ್ಲ ಸರಿಯಿದೆಯೇ ಎಂಬ ನೆಪದಲ್ಲಿ, ಗುರುವಾರ ಬಂದರೆ ಏನು ಕೆಟ್ಟಿದೆ ಎಂದು ಹುಡುಕತೊಡಗಿದಳು. ಇದಕ್ಕೆ ಏನೆಂದು ಹೆಸರಿಡಬೇಕು ಅಂತ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವಳು ಹರಿಣಿ ಒಬ್ಬಳೇ.

ಶುಕ್ರವಾರ ಕೊನೆಯ ಪಿರಿಯಡ್ ಕ್ವಿಜ್. ಪರದೆಯ ಮೇಲೆ ಒಂದು ಕೋಡ್ ಬರುತ್ತದೆ. ಅದನ್ನು ಟ್ಯಾಬಿನಲ್ಲಿ ಒತ್ತಿ ಮಕ್ಕಳು ಒಳಗೆ ಬರುತ್ತಾರೆ. ಪ್ರತಿ ಪ್ರಶ್ನೆ ಮುಗಿದಾಗ ಯಾರು ಮೊದಲು, ಯಾರು ಕೊನೆ ಎಂಬ ಪಟ್ಟಿ ದೊಡ್ಡದಾಗಿ ಕಾಣುತ್ತದೆ. ಆಟ ಸಿಕ್ಕಿಹಾಕಿಕೊಂಡರೆ ಸರಿಮಾಡಲೆಂದು ಸೃಜನ್ ಕೂಡ ತನ್ನ ಆಫೀಸಿನಿಂದಲೇ ನೋಡುತ್ತಿದ್ದ.

ಪಟ್ಟಿಯ ಕೊನೆಗೆ ಯಾವಾಗಲೂ ಒಂದೇ ಹೆಸರು. ನಿಖತ. ಸಿಂದಗಿಯಿಂದ ಹೋದ ವರ್ಷವಷ್ಟೇ ಬಂದಿದ್ದ ಹುಡುಗಿ. ಓದುವುದು ನಿಧಾನ. ತರಗತಿಯಲ್ಲಿ ಅವಳ ದನಿ ಕೇಳಿದವರಿಲ್ಲ.

ಹರಿಣಿ ಅದನ್ನು ಗಮನಿಸಲಿಲ್ಲವೇ? ಅವಳ ಗಮನವೆಲ್ಲ ಯಾವ ಬಟನ್ ಯಾವಾಗ ಒತ್ತಬೇಕು ಎಂಬುದರ ಮೇಲಿತ್ತು.

ನಾಲ್ಕನೆಯ ವಾರ ಪಟ್ಟಿಗೆ ಹೊಸ ಹೆಸರೊಂದು ಸೇರಿತು. 'ಗೋಳಿಬಜೆ'!

ಮಕ್ಕಳು ಬಿದ್ದು ಬಿದ್ದು ನಕ್ಕರು. ಗೋಳಿಬಜೆಯ ಲೆಕ್ಕದಲ್ಲಿ ಏಳೆಂಟ್ಲೆ ಎಪ್ಪತ್ತೆಂಟು. ಸೂರ್ಯ ಮುಳುಗುವುದು ಉತ್ತರಕ್ಕೆ. ಆಟ ಮುಗಿದಾಗ ಕೊನೆಯ ಸ್ಥಾನ ಗೋಳಿಬಜೆಯದ್ದು.

ಹರಿಣಿಗೆ ಮಾತ್ರ ಎದೆಯಲ್ಲಿ ಚುರ್ ಅಂದಿತು. ಕೋಡ್ ಗೊತ್ತಿದ್ದ ಹೊರಗಿನವನು ಒಬ್ಬನೇ. ಗೋಳಿಬಜೆಯ ತಟ್ಟೆ ಹಿಡಿದು ಬಂದವನೂ ಅವನೇ. 'ಆ ದಿನದ್ದನ್ನು ಇನ್ನೂ ನೆನಪಿಸಿ ಆಡಿಕೊಳ್ಳುತ್ತಿದ್ದಾನಾ?' ಕೇಳಲು ಬಾಯಿ ಬರಲಿಲ್ಲ. ಗುರುವಾರದ ಫೋನು ನಿಂತುಹೋದರೆ ಎಂಬ ಭಯ.

* * *

ಒಂದು ಶುಕ್ರವಾರ ಮೇಲಿನ ಅಧಿಕಾರಿಯೊಬ್ಬರು ತರಗತಿ ನೋಡಲು ಬಂದರು. ಹರಿಣಿ ನೀಟಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಒಂದೂ ಬಟನ್ ತಪ್ಪಲಿಲ್ಲ. ಮಹಾರಾಷ್ಟ್ರದ ರಾಜಧಾನಿ ಯಾವುದು ಎಂಬ ಪ್ರಶ್ನೆ ಬಂತು. ಗೋಳಿಬಜೆಯ ಉತ್ತರ: ಮಂಗಳೂರು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ಮ್ಯಾಡಮ್, ಹಾ ಕೋಣ್?"

ಯಾರಿವನು ಎಂದರೆ ಏನು ಹೇಳುವುದು? ಮಕ್ಕಳು ಹೋ ಎಂದು ನಗುತ್ತಿದ್ದರು. ಹರಿಣಿಗೆ ತರಬೇತಿಯ ದಿನದ ಅದೇ ನಗು ಕೇಳಿಸಿತು. ಕಿವಿ ಬಿಸಿಯಾಯಿತು. ಹೆಸರಿನ ಮೇಲೆ ಬೆರಳಿಟ್ಟಳು. 'ಹೊರಗೆ ಹಾಕು' ಎಂಬ ಬಟನ್ ಬಂತು. ಒತ್ತಿದಳು.

ಆ ಬಟನ್ ಮಾತ್ರ ಯಾರೂ ಹೇಳಿಕೊಡದೆಯೇ ಸಿಕ್ಕಿತು.

ಸಂಜೆ ಅವನ ಸ್ವಂತ ನಂಬರಿಗೆ ಬರೆದಳು. "ನಿಮಗೆ ನಾನು ನಗೆಪಾಟಲಿನ ವಸ್ತು ಆದೆನಾ? ಇನ್ನು ನನ್ನ ಕ್ಲಾಸಿಗೆ ಬರಬೇಡಿ!" ಕಳಿಸಿದವಳೇ ನಂಬರು ಬ್ಲಾಕ್ ಮಾಡಿದಳು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

"ನೀರು ಹಾಳು ಮಾಡ್ಬೇಡ!" ಎಂದರು ಹೊರಗಿನಿಂದ ಶೀಲಾವತಿ.

ಮುಂದಿನ ಶುಕ್ರವಾರ ಗೋಳಿಬಜೆ ಇರಲಿಲ್ಲ. ಪಟ್ಟಿಯ ಕೊನೆಗೆ ನಿಖತಳ ಹೆಸರು ಬಂತು.

"ನಿಖತ ಲಾಸ್ಟ್! ನಿಖತ ಲಾಸ್ಟ್!"

ಸೋಮವಾರ ನಿಖತ ಬರಲಿಲ್ಲ. ಮಂಗಳವಾರವೂ ಇಲ್ಲ.

* * *

ಬುಧವಾರ ಶಾಲೆ ಬಿಟ್ಟ ಮೇಲೆ ಹರಿಣಿ ನಿಖತಳ ಚಾಳಿನ ಮನೆ ಬಾಗಿಲಲ್ಲಿ ನಿಂತಿದ್ದಳು. ನಿಖತಳ ತಾಯಿ ರೋಷನಬಿ ಚಾಪೆ ಹಾಸಿದಳು.

"ಬರ್ರಿ ಟೀಚರ್, ಕುಂದರ್ರಿ. ಏನ್ ಹೇಳ್ಲಿ... ಸಾಲಿಗೆ ಒಲ್ಲೆ ಅಂತ ಒಂದೇ ಸಮ ಅಳಾಕತ್ಯಾಳ."

ತಂದೆ ಸರ್ದಾರ ಪೇಂಟಿಂಗ್ ಕೆಲಸದವನು. ಕೈಗೆ ಹತ್ತಿದ ಬಣ್ಣ ಒರೆಸುತ್ತಾ ಹೇಳಿದ. "ವಿದ್ಯೆ ತಲೀಗೆ ಹತ್ತಲಿಲ್ಲಂದ್ರ ಏನ್ ಮಾಡೂದ್ರಿ? ಐತವಾರ ಊರಿಗೆ ಕಳಸ್ತೀನಿ. ಅವರಜ್ಜಿ ಕೂಡ ಇರ್ಲಿ. ಟಿಕೀಟ್ ಆಗೇತಿ."

ಊರಿಗೆ ಹೋದ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುತ್ತಾಳೆ ಎಂದು ಯಾರು ಹೇಳಬಲ್ಲರು?

"ನಿಖತ, ಯಾಕೆ ಪುಟ್ಟಾ? ನನ್ನ ಮೇಲೆ ಕೋಪವಾ?"

ಹುಡುಗಿ ಅಮ್ಮನ ಸೆರಗಿನ ಹಿಂದಿನಿಂದ ಇಣುಕಿತು. "ಟೀಚರ್... ಗೋಳಿಬಜೆ ಯಾಕ ಬರವಲ್ಲ?"

"ಅವನು ಎಲ್ಲ ತಪ್ಪೇ ಹೇಳ್ತಿದ್ದನಲ್ಲಾ?"

"ಇಲ್ರೀ! ನಾ ಮೂರು ಬರೋಬರಿ ಹೇಳಿದ್ರ ಅವ ಎರಡು ಹೇಳ್ತಿದ್ದ. ನಾ ಐದು ಹೇಳಿದ್ರ ಅವ ನಾಕು. ನನಗಿಂತ ಒಂದೇ ಕಮ್ಮಿ. ಅವ ನನ್ನ ದೋಸ್ತ್ ಅದಾನ."

ಹರಿಣಿ ಹಿಂದಿನ ಪಟ್ಟಿಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿ ನೋಡಿದಳು.

ಅವನು ಆಡಿಕೊಳ್ಳುತ್ತಿರಲಿಲ್ಲ. ವಾರ ವಾರವೂ ಒಂದು ಮಗುವಿನ ಕೆಳಗೆ ಹೋಗಿ ಕೂರುತ್ತಿದ್ದ. ಎದುರಿಗೇ ಇದ್ದ ತನಗೆ ಕಾಣದ್ದು ಎಲ್ಲೋ ಆಫೀಸಿನಲ್ಲಿದ್ದವನಿಗೆ ಕಂಡಿತ್ತು. ಅವನನ್ನು ತಾನು...

"ಶುಕ್ರವಾರ ಒಂದು ದಿನ ಕಳಿಸಿ," ಎಂದಳು ಸರ್ದಾರನಿಗೆ. "ನೀವೂ ಬನ್ನಿ. ಆಮೇಲೆ ನಿಮ್ಮಿಷ್ಟ. ಕೈ ಮುಗಿತೇನೆ."

ರಿಕ್ಷಾದಲ್ಲಿ ಕುಳಿತವಳೇ ಬ್ಲಾಕ್ ತೆಗೆದು ಫೋನು ಮಾಡಿದಳು. ಎತ್ತಲಿಲ್ಲ. ಕಂಪನಿಯ ನಂಬರಿಗೆ ಮಾಡಿದರೆ ಬೇರೆ ಯಾರದೋ ದನಿ. "ಸೃಜನ್ ಅಬ್ ಫೋರ್ಟ್ ಆಫೀಸ್ ಮೇ ಹೈ, ಮ್ಯಾಡಮ್." ಅಂದರೆ ಅವನು ದೂರದ ಫೋರ್ಟ್ ಕಚೇರಿಗೆ ಬದಲಾಗಿದ್ದ.

ಕ್ಷಮೆ ಕೇಳಿ ಉದ್ದಕ್ಕೆ ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಕೊನೆಗೆ ಶುಕ್ರವಾರ ಬೆಳಿಗ್ಗೆ ಕಳಿಸಿದ್ದು ಇಷ್ಟೇ. ಆಟದ ಕೋಡ್, ಅದರ ಕೆಳಗೆ, "ನಿಖತ ಕೇಳುತ್ತಿದ್ದಾಳೆ. ನಾನೂ."

* * *

ಸರ್ದಾರ ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದ. ನಿಖತ ಟ್ಯಾಬನ್ನು ಮುಟ್ಟಲೇ ಇಲ್ಲ.

ಆಟ ಶುರುವಾಯಿತು. ಗೋಳಿಬಜೆ ಇಲ್ಲ. ಆದರೆ ಮಕ್ಕಳ ಹೆಸರುಗಳ ನಡುವೆ ಹೊಸದೊಂದು ಹೆಸರಿತ್ತು. 'ಚಟ್ನಿ'.

"ಟೀಚರ್, ಚಟ್ನಿ ಯಾರು?"

"ನನಗೇನು ಗೊತ್ತು?" ಎಂದಳು ಹರಿಣಿ, ಸ್ವಂತ ಫೋನನ್ನು ಮೇಜಿನ ಕೆಳಗೆ ಹಿಡಿದುಕೊಂಡು.

ಮೊದಲ ಪ್ರಶ್ನೆ. ಚಟ್ನಿಯ ಉತ್ತರ ತಪ್ಪು. ಎರಡನೆಯದೂ ತಪ್ಪು. ನಿಖತ ಮೆಲ್ಲಗೆ ಟ್ಯಾಬ್ ಹತ್ತಿರಕ್ಕೆ ಎಳೆದುಕೊಂಡಳು. ಕಣ್ಣು ಮಾತ್ರ ಪರದೆಯಲ್ಲಿ ಬೇರೆ ಯಾರನ್ನೋ ಹುಡುಕುತ್ತಿತ್ತು. ಹರಿಣಿಯ ಕಣ್ಣೂ ಹುಡುಕುತ್ತಿತ್ತು. 'ಬನ್ನಿ... ಇದೊಂದು ಸಲ ಬನ್ನಿ...'

ಮೂರನೆಯ ಪ್ರಶ್ನೆ. ಏಳೆಂಟ್ಲೆ ಎಷ್ಟು?

ಪರದೆ ಒಮ್ಮೆ ಮಿನುಗಿತು. 'ಗೋಳಿಬಜೆ ಸೇರಿಕೊಂಡಿದ್ದಾರೆ.' ಉತ್ತರವೂ ಬಂತು. ಎಪ್ಪತ್ತೆಂಟು!

"ಏ ಗೋಳಿಬಜೆ!" ನಿಖತ ಬೆಂಚಿನ ಮೇಲೆ ಎದ್ದು ನಿಂತಿದ್ದಳು. "ಎಷ್ಟು ಸಲ ಹೇಳ್ಬೇಕೋ ನಿನಗ? ಏಳೆಂಟ್ಲೆ ಐವತ್ತಾರು! ಐವತ್ತಾರು!"

ಮಕ್ಕಳೆಲ್ಲ ಅವಳತ್ತ ತಿರುಗಿದರು. ಅವಳ ದನಿ ಇಷ್ಟು ದೊಡ್ಡದೆಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು. "ಐವತ್ತಾರು!"

ಉಳಿದ ಪ್ರಶ್ನೆಗಳುದ್ದಕ್ಕೂ ಗೋಳಿಬಜೆ ಮತ್ತು ಚಟ್ನಿ ಕೊನೆಯ ಸ್ಥಾನಕ್ಕಾಗಿ ಗುದ್ದಾಡಿದರು. ಕೊನೆಗೆ ಗೆದ್ದದ್ದು, ಅಂದರೆ ಸೋತದ್ದು, ಚಟ್ನಿ.

ಸರ್ದಾರ ಮುಖ ಆಚೆ ತಿರುಗಿಸಿ ಬಣ್ಣದ ಕೈಯಿಂದಲೇ ಕಣ್ಣು ಒರೆಸಿಕೊಂಡ. "ಟಿಕೀಟ್ ಕ್ಯಾನ್ಸಲ್ ಮಾಡಸ್ತೀನ್ರಿ ಟೀಚರ್. ಇಕಿ ಹಿಂಗ ಒದರೂದು ನಾ ಮನ್ಯಾಗೂ ಕೇಳಿಲ್ಲ."

* * *

ಶಾಲೆಯ ಗೇಟಿನಲ್ಲಿ ಸೃಜನ್ ನಿಂತಿದ್ದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಎಣ್ಣೆ ಜಿಡ್ಡಿನ ಪೊಟ್ಟಣ.

"ಫೋರ್ಟ್‌ನಿಂದ ಬಂದ್ರಾ?"

"ಕೋಡ್ ನೋಡಿ ಹಾಫ್ ಡೇ ಹಾಕ್ದೆ. ಲೋಕಲ್‌ನಲ್ಲಿ ನೆಟ್‌ವರ್ಕ್ ಇರ್ಲಿಲ್ಲ, ಅದಕ್ಕೇ ಲೇಟ್. ಇಲ್ಲೇ ನಿಂತು ಆಡ್ದೆ."

ಹರಿಣಿಗೆ ಹೇಳಲು ತುಂಬಾ ಇತ್ತು. ಬಾಯಿಗೆ ಬಂದದ್ದು ಬೇರೆಯೇ.

"ಆ ಪಟ್ಟಿ ಕಾಣದ ಹಾಗೆ ಮಾಡ್ಲಿಕ್ಕೆ ಆಗ್ತದಾ?"

"ಆಗುತ್ತೆ. ಸೆಟ್ಟಿಂಗ್‌ನಲ್ಲಿ ಒಂದು ಬಟನ್ ಇದೆ."

"ಮೊದಲಿಂದಲೂ ಇತ್ತಾ?"

"ಇತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?!"

ಅವನು ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಹೇಳಿದ್ರೆ... ನಿಮ್ಮ ಕ್ಲಾಸಿಗೆ ಬರೋಕೆ ನಂಗೆ ನೆಪ ಇರ್ತಿರ್ಲಿಲ್ಲ. ತಪ್ಪು ನಂದೇ ಟೀಚರ್. ನೀವು ಹೊರಗೆ ಹಾಕಿದ ದಿನ ಆ ಬಟನ್ ಬಗ್ಗೇನೇ ಬರೆದು ಕಳಿಸ್ದೆ. ಒಂದೇ ಟಿಕ್ ಬಿತ್ತು."

"ಬ್ಲಾಕ್ ಮಾಡಿದ್ದೆ," ಎಂದಳು ಹರಿಣಿ. "ಒಂದು ಮಗು ಅಷ್ಟು ಅತ್ತಿತು. ಟೀಚರ್ ನಾನು, ನನಗೇ ಕಾಣ್ಲಿಲ್ಲ. ನಿಮಗೆ ಹೇಗೆ ಕಂಡಿತು?"

"ನಾಲ್ಕನೇ ಕ್ಲಾಸಲ್ಲಿ ನಮ್ಮ ಸರ್ ಮಾರ್ಕ್ಸ್ ಕೆಳಗಿಂದ ಓದ್ತಿದ್ರು. ಫಸ್ಟ್ ಹೆಸರು ಯಾವಾಗ್ಲೂ ನಂದೇ."

ಹರಿಣಿ ಕಣ್ಣು ತುಂಬಿಕೊಂಡಳು. ಈ ಸಲ ನಲ್ಲಿ ತಿರುಗಿಸಲು ಹೋಗಲಿಲ್ಲ.

"ಆ ದಿನ ಅಮ್ಮನ ಮೆಸೇಜ್ ನೀವೂ ಓದಿದ್ರಿ ಅಲ್ವಾ?"

"ನಂಗೆ ಕನ್ನಡ ಓದೋಕೆ ಸ್ಲೋ. ಕೂದಲು ಅನ್ನೋವರೆಗೆ ಓದ್ದೆ. ಅಷ್ಟರಲ್ಲಿ ನಿಮ್ಮ ಮುಖ ನೋಡಿದೆ, ವೈರ್ ಕಿತ್ತೆ."

ಅಂದರೆ ಆ ದಿನ ಅವನು ಅವಳನ್ನು ನೋಡಿದ್ದ. ಕಣ್ಣು ಕಲೆಯಲಿಲ್ಲ ಎಂದು ಮೇಲೆ ಹೇಳಿದ್ದು ಅರ್ಧ ಸತ್ಯ.

"ಮುಂದೆ ಸ್ವಂತ ರೂಮಿನ ವಿಷಯ ಇತ್ತು," ಎಂದಳು.

"ಅದು ನನ್ನ ಹತ್ರ ಇಲ್ಲ. ಬಾಡಿಗೆ ರೂಮು." ಅವನು ಕೂದಲು ವಿರಳವಾಗಿದ್ದ ತಲೆ ಮುಟ್ಟಿಕೊಂಡ. "ಇದು ಇದೆ."

"ಕಾಣ್ತದೆ," ಎಂದಳು ಹರಿಣಿ. ನಕ್ಕಳು. "ಅಮ್ಮನಿಗೆ ನಾನು ಹೇಳ್ತೇನೆ. ಆದರೆ ಇನ್ನು ಟೀಚರ್ ಅನ್ಬೇಡಿ. ಹರಿಣಿ ಅಂದ್ರೆ ಸಾಕು."

"ಹರಿಣಿ..." ಎಂದ ಅವನು, ಹೊಸ ಪಾಠ ಓದುವವನಂತೆ ನಿಧಾನವಾಗಿ. "ಐ ಲವ್ ಯೂ ಅಂತ ಕನ್ನಡದಲ್ಲಿ ಹೇಳೋಕೆ ಪ್ರಾಕ್ಟೀಸ್ ಮಾಡಿದ್ದೆ. ಈಗ ಮರೆತುಹೋಯ್ತು."

"ತಪ್ಪಾದರೂ ಪರವಾಗಿಲ್ಲ. ನಾನು ಕಾಯ್ತೇನೆ."

ಅವಳು ಪೊಟ್ಟಣ ಬಿಚ್ಚಿ ಒಂದು ಗೋಳಿಬಜೆ ತೆಗೆದುಕೊಂಡಳು. ತಣ್ಣಗಾಗಿತ್ತು. ಆದರೂ ಕಚ್ಚಿದಳು.

"ಚಟ್ನಿ ತರ್ಲಿಲ್ವಾ?"

"ಇಲ್ಲ," ಎಂದ ಸೃಜನ್. "ಇಲ್ಲಿ ಇರುತ್ತೆ ಅಂತ ಗೊತ್ತಿತ್ತು."